ಬೆಂಡು ಹೇಳುವ ಸುದ್ದಿ

ಹವಾಯಿ ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಷ್ಟು ತೆಳ್ಳಗಾದ ಮೇಲೂ ಅದರ ನಡುಭಾಗದ ರಬ್ಬರು ದಪ್ಪಗೇ ಉಳಿದಿರುತ್ತದೆ. ಅಷ್ಟರಲ್ಲಿ ಐದಾರು ಬೆಂಡು ಸಿಗುತ್ತವೆ. ಬ್ಲೇಡಿನಲ್ಲಿ ಕಿರುಬೆರಳ ಗಾತ್ರಕ್ಕೆ ಕೊಯ್ದು, ಕೆರೆ ಏರಿಯ ಒರಟು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ, ಒಲೆಯಲ್ಲಿ ಕಾಯಿಸಿದ ದಬ್ಬಳದಿಂದ ನಡುವೆ ತೂತು ಹಾಕಿದರೆ ಕೆಲಸ ಮುಗಿಯಿತು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ನಾನು ಹುಡುಗನಾಗಿದ್ದಾಗ ಮನೆಯಲ್ಲಿ ಯಾರ ಚಪ್ಪಲಿ ಹರಿದರೂ ಅದು ತಿಪ್ಪೆ ಸೇರುವ ಮೊದಲು ನನ್ನ ಕೈ ಸೇರುತ್ತಿತ್ತು.

ಬೆಂಡು ಎಂದರೆ ಗಾಳದ ದಾರಕ್ಕೆ ಪೋಣಿಸಿ ನೀರ ಮೇಲೆ ತೇಲಬಿಡುವ ತುಂಡು. ಗಾಳವೂ ಅದಕ್ಕೆ ಸಿಕ್ಕಿಸಿದ ಎರೆಹುಳುವೂ ನೀರಿನೊಳಗೆ ಎಷ್ಟು ಆಳದಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡುವುದು ಅದೇ. ಮೀನು ಬಾಯಿ ಹಾಕಿತು ಎಂಬ ಸುದ್ದಿಯನ್ನು ದಡಕ್ಕೆ ಮುಟ್ಟಿಸುವುದೂ ಅದೇ. ಕೆಸರು ಬಣ್ಣದ ಕೆರೆ ನೀರಿನಲ್ಲಿ ಒಂದು ಗೇಣು ಕೆಳಗೆ ಏನಿದೆಯೆಂದು ಕಣ್ಣಿಗೆ ಕಾಣದು. ಕಾಣದ ಕಡೆಯಿಂದ ಬರುವ ಸುದ್ದಿಗೆಲ್ಲ ಈ ತುಂಡು ರಬ್ಬರೇ ದಾರಿ.

ಪಶ್ಚಿಮದ ದೇಶಗಳಲ್ಲಿ ಗರಿ, ಕೂದಲಿನ ಕೃತಕ ಹುಳು ಕಟ್ಟಿ ಫ್ಲೈ ಫಿಶಿಂಗ್ ಮಾಡುವವರು ಇಂಥದ್ದೇ ಒಂದು ವಸ್ತುವನ್ನು ಸ್ಟ್ರೈಕ್ ಇಂಡಿಕೇಟರ್ ಎಂದು ಕರೆಯುತ್ತಾರೆ. ಅಂಗಡಿಯಲ್ಲಿ ಅದು ಪುಟ್ಟ ಪೊಟ್ಟಣದಲ್ಲಿ ಬರುತ್ತದೆ, ಇಲ್ಲಿಗೆ ತರಿಸಿಕೊಂಡರೆ ನೂರಾರು ರೂಪಾಯಿ ಬೀಳುತ್ತದೆ. ಆದರೆ ಆ ದೇಶಗಳಲ್ಲೂ ಪಳಗಿದ ಎಷ್ಟೋ ಕೈಗಳು ಅದನ್ನು ಮನೆಯಲ್ಲೇ ಮಾಡಿಕೊಳ್ಳುತ್ತವೆ: ಉಲ್ಲನ್ ದಾರದ ಕುಚ್ಚು, ಬಾಟಲಿಯ ಕಾರ್ಕಿನ ಚೂರು, ಪ್ಯಾಕಿಂಗಿಗೆ ಬಂದ ಫೋಮು, ಬಟಾಣಿಯಷ್ಟು ಊದಿದ ಬಲೂನು. ದುಡ್ಡು ಉಳಿಯುತ್ತದೆಂಬುದು ಇದ್ದದ್ದೇ. ಅದಕ್ಕಿಂತ ದೊಡ್ಡ ಕಾರಣ, ಇಂದಿನ ನೀರಿಗೆ, ಇಂದಿನ ಮೀನಿಗೆ ತಕ್ಕ ಅಳತೆಯ ಬೆಂಡು ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಅದನ್ನು ಕೊಯ್ದುಕೊಳ್ಳಬೇಕು, ತೂಗಿ ನೋಡಬೇಕು, ಮತ್ತೆ ಕೊಯ್ಯಬೇಕು.

ಹೆಸರಿನ ವಿಷಯ ಸ್ವಲ್ಪ ಹೇಳಬೇಕು. ಬೆಂಡು ಮೂಲತಃ ಒಂದು ಗಿಡದ ತಿರುಳು. ಕೆರೆಯಂಗಳದ ಜೌಗಿನಲ್ಲಿ, ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಬೆಂಡಿನ ಗಿಡದ ಕಾಂಡವನ್ನು ಸಿಪ್ಪೆ ತೆಗೆದು ಒಣಗಿಸಿದರೆ ಹಾಲುಬಿಳುಪಿನ, ಊದಿದರೆ ಹಾರುವಷ್ಟು ಹಗುರವಾದ ತಿರುಳು ಸಿಗುತ್ತದೆ. ಮದುವೆಯ ಬಾಸಿಂಗ ಆಗುತ್ತಿದ್ದುದು ಇದರಿಂದ. ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗೆ ತಲೆಯ ಮೇಲಿಡುತ್ತಿದ್ದ ಸೋಲಾ ಟೋಪಿ ಆಗುತ್ತಿದ್ದುದೂ ಇಂಥದೇ ತಿರುಳಿನಿಂದ. ಬೆಂಡೋಲೆ ಎಂಬ ಒಡವೆಯ ಹೆಸರಿನಲ್ಲಿ ಬೆಂಡು ಇದೆ, ದಣಿದವನು ಬೆಂಡಾದ ಎನ್ನುವ ಮಾತಿನಲ್ಲೂ ಇದೆ. ಗಾಳದ ದಾರಕ್ಕೆ ಚಪ್ಪಲಿ ರಬ್ಬರೇ ಇರಲಿ, ಥರ್ಮೋಕೋಲೇ ಇರಲಿ, ಖಾಲಿ ರೀಫಿಲ್ಲೇ ಇರಲಿ, ನಮ್ಮವರು ಎಲ್ಲಕ್ಕೂ ಬೆಂಡು ಎಂದೇ ಅನ್ನುತ್ತಾರೆ. ವಸ್ತು ಬದಲಾಯಿತು, ಹೆಸರು ಬದಲಾಗಲಿಲ್ಲ.

ಬೆಂಡಿನ ಗಿಡ ಈಗ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಆದರೆ ಮುಸುಕಿನ ಜೋಳ ಹಾಸನ ಸೀಮೆಯಲ್ಲಿ ಎಲ್ಲೆಲ್ಲೂ ಇದೆ. ತೆನೆ ಮುರಿದ ಮೇಲೆ ಹೊಲದಲ್ಲೇ ಒಣಗಿ ನಿಂತ ದಂಟಿನ ಸಿಪ್ಪೆ ಸೀಳಿದರೆ ಒಳಗೆ ಸಿಗುವುದೂ ಬೆಂಡೇ. ಅದರಲ್ಲಿ ಗಾಡಿ ಮಾಡಿ ಆಡದ ಮಕ್ಕಳು ನಮ್ಮ ಕಾಲದಲ್ಲಿ ಇರಲಿಲ್ಲ. ಎರಡು ಅಂಗುಲದ ತುಂಡು ಕತ್ತರಿಸಿ, ಉದ್ದಕ್ಕೆ ಸೂಜಿ ತೂರಿಸಿ, ದಾರ ಪೋಣಿಸಿದರೆ ಕಾಸು ಖರ್ಚಿಲ್ಲದ ಬೆಂಡು ಸಿದ್ಧ. ಒಂದೇ ತೊಡಕು, ಅದು ನೀರು ಕುಡಿಯುತ್ತದೆ. ಅರ್ಧ ಗಂಟೆಯಲ್ಲಿ ನೆನೆದು ಭಾರವಾಗಿ ತಲೆ ತಗ್ಗಿಸುತ್ತದೆ. ಅದಕ್ಕೆ ಮದ್ದು ಮೇಣ. ಮೇಣದಬತ್ತಿ ಕರಗಿಸಿ ಒಂದು ಸಲ ಅದ್ದಿ ತೆಗೆದರೆ ಸಾಕು. ಮನೆಯಲ್ಲಿ ಉಗುರುಬಣ್ಣವಿದ್ದರೆ ಎರಡು ಕೋಟು ಬಳಿದರೆ ಇನ್ನೂ ಚೆನ್ನ, ನೀರೂ ಇಳಿಯುವುದಿಲ್ಲ, ಕೆಂಪು ತುದಿಯೂ ಬರುತ್ತದೆ.

ಬೆಂಡು ದಾರದ ಮೇಲೆ ಜಾರದಂತೆ ನಿಲ್ಲಿಸಲು ಬೆಂಕಿಕಡ್ಡಿ ಬೇಕು. ಉರಿದ ತುದಿಯನ್ನು ಮುರಿದು ಹಾಕಿ, ಉಳಿದ ಕಡ್ಡಿಯನ್ನು ತುದಿಗೆ ಕೊಂಚ ಚೂಪು ಮಾಡಿ, ದಾರ ಹಾದ ತೂತಿನಲ್ಲೇ ಸಿಕ್ಕಿಸಬೇಕು. ಆಳ ಹೆಚ್ಚು ಮಾಡಬೇಕೆಂದರೆ ಕಡ್ಡಿ ಸಡಿಲಿಸಿ ಬೆಂಡನ್ನು ಮೇಲಕ್ಕೆ ಸರಿಸುವುದು, ಕಡಿಮೆ ಮಾಡಬೇಕೆಂದರೆ ಕೆಳಕ್ಕೆ. ಅಂಗಡಿಯ ಇಂಡಿಕೇಟರುಗಳಲ್ಲಿ ಹಲವಕ್ಕೆ ದಾರವನ್ನು ಹೀಗೆಯೇ ಬಿಗಿಹಿಡಿಯುವ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ. ಎರಡರ ಕೆಲಸದಲ್ಲೂ ಎಳ್ಳಷ್ಟು ವ್ಯತ್ಯಾಸವಿಲ್ಲ.

ನನಗೆ ಗಾಳ ಕಲಿಸಿದವರು ಸೋದರಮಾವ. ನಾನು ಮಾಡಿದ ಮೊದಲ ಬೆಂಡು ಹೆಬ್ಬೆರಳಿಗಿಂತ ದಪ್ಪ, ಥರ್ಮೋಕೋಲಿನದು, ಟಿ.ವಿ. ಡಬ್ಬದಿಂದ ಮುರಿದು ತಂದದ್ದು. ಅದನ್ನು ನೋಡಿ ಮಾವ ತಲೆಯಾಡಿಸಿದರು.

‘ಬೆಂಡು ದಪ್ಪ ಆಯ್ತು ಕಣ್ಲಾ.’

‘ದಪ್ಪ ಇದ್ರೆ ದೂರಕ್ಕೂ ಚೆನ್ನಾಗ್ ಕಾಣ್ತದಲ್ಲ ಮಾವ?’

‘ನಿಂಗೆ ಬೆಂಡು ಕಾಣ್ಬೇಕೋ, ಮೀನು ಬಂದಿದ್ದು ಕಾಣ್ಬೇಕೋ?’

ಆಗ ಅರ್ಥವಾಗಲಿಲ್ಲ. ಬಹಳ ವರ್ಷಗಳ ಮೇಲೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದಾಗ ಅವರ ಮಾತು ಎಷ್ಟು ಖಚಿತವಾಗಿತ್ತೆಂದು ತಿಳಿಯಿತು. ತೇಲುತ್ತಿರುವ ವಸ್ತುವನ್ನು ನೀರಿನೊಳಕ್ಕೆ ಇನ್ನಷ್ಟು ಒತ್ತಲು ಬೇಕಾದ ಬಲ, ಅದು ಹೆಚ್ಚುವರಿಯಾಗಿ ಪಕ್ಕಕ್ಕೆ ತಳ್ಳುವ ನೀರಿನ ತೂಕದಷ್ಟು. ಶಾಲೆಯಲ್ಲಿ ಓದಿದ ಆರ್ಕಿಮಿಡೀಸನ ನಿಯಮವೇ. ಈಗ ಎರಡು ಬೆಂಡು ತೆಗೆದುಕೊಳ್ಳಿ. ಒಂದು 20 ಮಿಲಿಮೀಟರ್ ಅಡ್ಡಗಲದ ಥರ್ಮೋಕೋಲ್ ಉರುಳೆ, ಇನ್ನೊಂದು 4 ಮಿಲಿಮೀಟರ್ ಅಡ್ಡಗಲದ ಸಣ್ಣ ಕಡ್ಡಿ. ನೆಟ್ಟಗೆ ನಿಂತ ದಪ್ಪ ಬೆಂಡನ್ನು ಇನ್ನೊಂದು ಸೆಂಟಿಮೀಟರ್ ಕೆಳಕ್ಕೆ ಎಳೆಯಬೇಕಾದರೆ ಮೀನು ಸುಮಾರು 3.1 ಗ್ರಾಂ ತೂಕದಷ್ಟು ಬಲ ಹಾಕಬೇಕು. ಸಣ್ಣ ಕಡ್ಡಿಗೆ 0.13 ಗ್ರಾಂ ಸಾಕು. ಅಡ್ಡಗಲ ಐದು ಪಟ್ಟು ಹೆಚ್ಚಿದರೆ ಬೇಕಾದ ಬಲ ಇಪ್ಪತ್ತೈದು ಪಟ್ಟು ಹೆಚ್ಚುತ್ತದೆ. ಬೆರಳುದ್ದದ ಪಕ್ಕೆ ಮೀನು ಹುಳುವಿನ ತುದಿ ಕಚ್ಚಿ ಜಗ್ಗಿದರೆ ಸಣ್ಣ ಬೆಂಡು ಕುಣಿಯುತ್ತದೆ, ದಪ್ಪ ಬೆಂಡು ಮಿಸುಕುವುದೂ ಇಲ್ಲ. ದೊಡ್ಡ ಮೀನಿನ ಮಾತೇ ಬೇರೆ. ಅದಕ್ಕೆ ಬೆಂಡು ಎಳೆಯುವ ಶಕ್ತಿ ಇದೆ, ತಾಳ್ಮೆ ಇಲ್ಲ. ತಿನ್ನುವ ವಸ್ತು ತನ್ನನ್ನು ಹಿಂದಕ್ಕೆ ಜಗ್ಗುತ್ತಿದೆ ಎನಿಸಿದ ಕ್ಷಣ ಉಗಿದುಬಿಡುತ್ತದೆ. ದಡದಲ್ಲಿ ಕೂತವನಿಗೆ ಆ ಕ್ಷಣ ಗೊತ್ತೇ ಆಗುವುದಿಲ್ಲ.

ಬೆಂಡಿನ ಗುಣ ಸಣ್ಣದಾಗಿರುವುದರಲ್ಲಿದೆ ಎಂದಾಯಿತು. ಆದರೆ ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವ ಸೀಸದ ಭಾರವನ್ನು ಸಣ್ಣ ಬೆಂಡು ಹೊರಲಾರದು. ಅದಕ್ಕೇ ತೂಗಬೇಕು.

ತೂಗುವ ಕೆಲಸ ಕೆರೆಯ ಬಳಿ ಬೇಡ, ಬಚ್ಚಲುಮನೆಯ ಬಕೆಟ್ ಸಾಕು. ಲೆಕ್ಕ ಹೀಗಿದೆ. 1 ಗ್ರಾಂ ಸೀಸ ನೀರಿನೊಳಗೆ ಸುಮಾರು 0.91 ಗ್ರಾಂ ತೂಗುತ್ತದೆ. 1 ಘನ ಸೆಂಟಿಮೀಟರ್ ಕಾರ್ಕು ತಾನು ಸುಮಾರು 0.24 ಗ್ರಾಂ ಇದ್ದು, ಪೂರ್ತಿ ಮುಳುಗಿದಾಗ 0.76 ಗ್ರಾಂ ಎತ್ತಿ ಹಿಡಿಯಬಲ್ಲದು. ಎಂದರೆ ಒಂದು ಗ್ರಾಂ ಸೀಸವನ್ನು ತೇಲಿಸಲು 1.2 ಘನ ಸೆಂಟಿಮೀಟರ್ ಕಾರ್ಕು ಬೇಕು, ಹೆಚ್ಚುಕಡಿಮೆ ಒಂದು ಸಣ್ಣ ಗೋಲಿಯಷ್ಟು. ಅದಕ್ಕಿಂತ ಕೊಂಚ ಹೆಚ್ಚಿದ್ದರೆ ತುದಿ ಮಾತ್ರ ನೀರಿನ ಮೇಲೆ ಕಾಣುತ್ತದೆ. ನಮಗೆ ಬೇಕಾದ್ದು ಅಷ್ಟೇ. ಬಕೆಟ್ಟಿನಲ್ಲಿ ದಾರ, ಭಾರ, ಗಾಳ ಎಲ್ಲ ಕಟ್ಟಿ ಬೆಂಡನ್ನು ಬಿಡಿ. ಪೂರ್ತಿ ಮಲಗಿ ತೇಲಿದರೆ ಭಾರ ಕಡಿಮೆ ಅಥವಾ ಬೆಂಡು ದೊಡ್ಡದು. ಬ್ಲೇಡಿನಲ್ಲಿ ಒಂದು ಸುತ್ತು ಸವರಿ ಮತ್ತೆ ಬಿಡಿ. ಮುಕ್ಕಾಲು ಪಾಲು ನೀರಿನಲ್ಲಿ, ಕಾಲು ಪಾಲು ಮೇಲೆ ನೆಟ್ಟಗೆ ನಿಂತರೆ ಸರಿಯಾಯಿತು. ಹೀಗೆ ತೂಗಿದ ಬೆಂಡು ಕೆರೆಯಲ್ಲಿ ನಿಂತಾಗ ಅದರ ಒಂದೊಂದು ಅಲುಗಾಟಕ್ಕೂ ಅರ್ಥವಿರುತ್ತದೆ.

ಸೀಸದ ವಿಷಯದಲ್ಲಿ ಒಂದು ಎಚ್ಚರಿಕೆ. ಸೀಳಿದ ಸೀಸದ ಗುಂಡನ್ನು ದಾರಕ್ಕೆ ಇಟ್ಟು ಹಲ್ಲಿನಲ್ಲಿ ಕಚ್ಚಿ ಬಿಗಿ ಮಾಡುವ ಅಭ್ಯಾಸ ನಮ್ಮಲ್ಲಿ ಇದೆ. ದಯವಿಟ್ಟು ಬಿಡಿ. ಸೀಸ ವಿಷ, ಮಕ್ಕಳ ಮಿದುಳಿಗೆ ಅದರ ಹಾನಿ ಹೆಚ್ಚು. ದಾರ ಹರಿದು ಕೆರೆಯಲ್ಲಿ ಉಳಿದ ಗುಂಡನ್ನು ಬಾತುಕೋಳಿಗಳು, ನೀರುಹಕ್ಕಿಗಳು ಕಲ್ಲೆಂದು ನುಂಗುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದರಿಂದಲೇ 1987ರಲ್ಲಿ ಗಾಳಕ್ಕೆ ಬಳಸುವ ಬಹುಪಾಲು ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಿದರು. ನಮಗೆ ಬದಲಿಗೆ ಸೈಕಲ್ ಅಂಗಡಿಯಲ್ಲಿ ಬಿಸಾಡುವ ಸಣ್ಣ ನಟ್ಟು ಸಾಕು. ಕಬ್ಬಿಣ ಸೀಸಕ್ಕಿಂತ ಹಗುರ, ಗಾತ್ರ ಸ್ವಲ್ಪ ದೊಡ್ಡದಾಗುತ್ತದೆ, ಬೇರೇನೂ ನಷ್ಟವಿಲ್ಲ.

ಇನ್ನು ಬೆಂಡು ಹೇಳುವ ಸುದ್ದಿಯನ್ನು ಓದುವ ವಿಷಯ. ನನ್ನ ಮಟ್ಟಿಗೆ ಗಾಳದ ಸೊಗಸೆಲ್ಲ ಇದರಲ್ಲೇ ಇದೆ. ಜಿಲೇಬಿ ಮೀನು ಸುಮ್ಮನೆ ನುಂಗುವ ಜಾತಿಯಲ್ಲ. ಕುಟುಕುತ್ತದೆ. ಬೆಂಡು ಟುಕು ಟುಕು ಎಂದು ನಿಂತಲ್ಲೇ ಕುಣಿದು, ನಿಂತು, ಮತ್ತೆ ಕುಣಿಯುತ್ತದೆ. ಮೊದಲ ಕುಣಿತಕ್ಕೇ ಗಾಳದ ಕಡ್ಡಿ ಎತ್ತಿದವನಿಗೆ ಖಾಲಿ ಗಾಳ. ಬೆಂಡು ಓರೆಯಾಗಿ ಸರಿಯತೊಡಗಿದಾಗ ಎತ್ತಬೇಕು. ಗೆಂಡೆ ತಳದಲ್ಲಿ ಮೇಯುವ ಮೀನು. ಕೆಸರಿನ ಮೇಲೆ ಬಿದ್ದ ಹಿಟ್ಟಿನ ಉಂಡೆಯನ್ನು ಅದು ಬಾಯಲ್ಲಿ ಹೀರಿಕೊಂಡು ತಲೆ ಎತ್ತುತ್ತದೆ, ಜೊತೆಗೆ ಭಾರವೂ ಎದ್ದುಬರುತ್ತದೆ. ಆಗ ಬೆಂಡು ಮುಳುಗುವುದರ ಬದಲು ಮೇಲೇಳುತ್ತದೆ, ಕೆಲವೊಮ್ಮೆ ಪೂರ್ತಿ ಅಡ್ಡ ಮಲಗುತ್ತದೆ. ಬೆಂಡು ಮುಳುಗಲಿ ಎಂದು ಕಾಯುವ ಹೊಸಬರು ಎಷ್ಟೋ ಒಳ್ಳೆಯ ಗೆಂಡೆಗಳನ್ನು ಕಳೆದುಕೊಳ್ಳುವುದು ಇಲ್ಲೇ. ಕೊರವ ಮೀನಿಗೆ ಇಂಥ ನಯ ನಾಜೂಕು ಇಲ್ಲ. ಕಪ್ಪೆಮರಿಯನ್ನೋ ಹುಳುವನ್ನೋ ಹಿಡಿದು ಜೊಂಡಿನ ಕಡೆಗೆ ನೇರ ಹೊರಡುತ್ತದೆ. ಬೆಂಡು ಗುಳಕ್ಕನೆ ಮಾಯ. ಏಡಿ ಬಂದರೆ ಬೆಂಡು ನಿಧಾನವಾಗಿ, ಯಾರೋ ಕೆಳಗೆ ನಡೆದು ಹೋಗುತ್ತಿರುವಂತೆ ಜರುಗುತ್ತದೆ. ಅದನ್ನು ಎತ್ತಿದರೆ ಅರ್ಧ ಹುಳು ಸಿಗುತ್ತದೆ, ಕೆಲವೊಮ್ಮೆ ದಾರವೂ ತುಂಡಾಗಿರುತ್ತದೆ.

ಬಣ್ಣವೂ ಮುಖ್ಯ. ಬೆಂಡಿನ ಕೆಳಭಾಗ ಮೀನಿಗೆ ಕಾಣುವುದು, ಮೇಲುಭಾಗ ನಮಗೆ. ಕೆಳಗೆ ಬಣ್ಣ ಬೇಡ, ಬೆಂಡಿನ ಬಿಳುಪೇ ಇರಲಿ, ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಬೆಳಕಿನಲ್ಲಿ ಅದು ಕರಗಿಹೋಗುತ್ತದೆ. ಮೇಲಿನ ತುದಿಗೆ ಎಲ್ಲರೂ ಕೆಂಪು ಬಳಿಯುತ್ತಾರೆ. ಮರದ ನೆರಳು ಬಿದ್ದ ಹಸಿರು ನೀರಿನಲ್ಲಿ ಕೆಂಪು, ಕಿತ್ತಳೆ ಎದ್ದು ಕಾಣುವುದು ನಿಜ. ಆದರೆ ಸಂಜೆ ಬಿಸಿಲು ಎದುರಿಗೆ ಬಿದ್ದು ನೀರೆಲ್ಲ ಬೆಳ್ಳಿಯ ತಗಡಿನಂತೆ ಹೊಳೆಯುವಾಗ ಯಾವ ಕೆಂಪೂ ಕಾಣದು, ಕಪ್ಪು ಕಾಣುತ್ತದೆ. ನನ್ನ ಬೆಂಡುಗಳ ತುದಿ ಅರ್ಧ ಕೆಂಪು, ಅರ್ಧ ಕಪ್ಪು.

ಹೀಗೆ ನೀರ ಮೇಲಿನ ತುಂಡೊಂದನ್ನು ಓದುವ ವಿದ್ಯೆ ಇವತ್ತಿನದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಗಾಳ ಹಾಕುವ ಬಗೆ, ಯಾವ ಮೀನಿಗೆ ಯಾವ ಮೇವು ಎಂಬ ವಿವರ, ಮೂವತ್ತೈದರಷ್ಟು ಮೀನುಗಳ ಹೆಸರು ಅದರಲ್ಲಿವೆ. ಕನ್ನಡ ನಾಡನ್ನು ಆಳಿದ ಅರಸನೊಬ್ಬ ಗಾಳವನ್ನು ಅರಸರಿಗೆ ತಕ್ಕ ವಿನೋದವೆಂದು ಎಣಿಸಿದ್ದ ಎಂಬುದು ನನಗೆ ಹೆಮ್ಮೆ ತರುವ ಸಂಗತಿ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ, ಡೇಮ್ ಜೂಲಿಯಾನಾ ಬರ್ನರ್ಸ್ ಹೆಸರಿನಲ್ಲಿ ಬಂದ ಗಾಳದ ಪುಸ್ತಕದಲ್ಲಿ ಬೆಂಡು ಮಾಡುವ ವಿಧಾನವಿದೆ: ತೂತುಗಳಿಲ್ಲದ ಒಳ್ಳೆಯ ಕಾರ್ಕು ಆರಿಸಿ, ಕಾಯಿಸಿದ ಸಣ್ಣ ಕಬ್ಬಿಣದಿಂದ ನಡುವೆ ಕೊರೆದು, ಆ ತೂತಿಗೆ ಹಕ್ಕಿಯ ಗರಿದಂಟು ತೂರಿಸುವುದು. ನಮ್ಮ ಹುಡುಗರ ಕಾಯಿಸಿದ ದಬ್ಬಳಕ್ಕೂ ಅದಕ್ಕೂ ಏನು ವ್ಯತ್ಯಾಸ? ನೂಲು, ಉಣ್ಣೆ, ಗರಿಗಳಿಂದ ಮಾಡುವ ಹನ್ನೆರಡು ಕೃತಕ ಹುಳುಗಳ ವಿವರವೂ ಅದೇ ಪುಸ್ತಕದಲ್ಲಿದೆ. ಫ್ಲೈ ಫಿಶಿಂಗ್ ಎಂಬುದರ ಹಳೆಯ ದಾಖಲೆಗಳಲ್ಲಿ ಅದೊಂದು.

ಕೆರೆಗೆ ಗಾಳ ಹಾಕುವುದನ್ನು ಗಂಭೀರವಾಗಿ ಬರೆದಿಟ್ಟ ಇನ್ನೊಬ್ಬರು ಹೆನ್ರಿ ಸಲಿವಾನ್ ಥಾಮಸ್. ಮದರಾಸು ಸರ್ಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವರು. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಬರೆದು ನದಿಯ ಮಹಶೀರ್ ಮೀನಿನ ಬಗ್ಗೆ ಹೇಳಿದರು. 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂದು ಕೆರೆಯ ಗಾಳಕ್ಕಾಗಿಯೇ ಒಂದು ಪುಸ್ತಕ ಮಾಡಿದರು. ದೊಡ್ಡ ಮೀನಿನ ಬೇಟೆಯ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಕೆರೆಯ ಸಣ್ಣ ಮೀನಿಗೆ ಪುಸ್ತಕ ಬರೆದದ್ದಕ್ಕೇ ನನಗೆ ಅವರ ಮೇಲೆ ಗೌರವ.

ನಿಂತ ನೀರಿಗೂ ಹರಿವ ನೀರಿಗೂ ಬೆಂಡಿನ ಲೆಕ್ಕ ಬೇರೆ. ಅರಕಲಗೂಡು ತಾಲ್ಲೂಕಿನಲ್ಲಿ ಎರಡೂ ಇವೆ. ಕೆರೆಗಳಿವೆ, ಹೇಮಾವತಿಯ ಬಲದಂಡೆ ನಾಲೆ, ಹಾರಂಗಿಯ ನಾಲೆಗಳಿವೆ, ಕೊಣನೂರು, ರಾಮನಾಥಪುರಗಳನ್ನು ಹಾದುಹೋಗುವ ಕಾವೇರಿ ಇದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹರಿಯುತ್ತಿದ್ದ ಹೇಮಾವತಿಯ ಒಂದು ದೊಡ್ಡ ಭಾಗ ನಿಂತ ನೀರಾಯಿತು. ಹೊಳೆಯಲ್ಲಿ ಗಾಳ ಹಾಕುತ್ತಿದ್ದವರ ಕೈ ಕೆರೆಯ ಗಾಳಕ್ಕೆ ಹೊಂದಿಕೊಳ್ಳಬೇಕಾಯಿತು.

ನಾಲೆಯ ದಡದಲ್ಲಿ ನಿಂತು ಎರಡು ಎಲೆ ಎಸೆದು ನೋಡಿ. ನಡುವೆ ಬಿದ್ದ ಎಲೆ ಓಡುತ್ತದೆ, ಅಂಚಿನದು ತೆವಳುತ್ತದೆ. ಆಳಕ್ಕೆ ಇಳಿದಂತೆಯೂ ಹಾಗೆಯೇ, ಮೇಲಿನ ನೀರು ಚುರುಕು, ತಳದ ನೀರು ನಿಧಾನ. ಬೆಂಡು ಮೇಲಿನ ನೀರಿನ ಜೊತೆ ಓಡಿದರೆ ತಳದ ಹುಳುವನ್ನು ದರದರ ಎಳೆದುಕೊಂಡು ಹೋಗುತ್ತದೆ. ಸಹಜವಾದ ಹುಳು ಹಾಗೆ ಎಂದೂ ಓಡುವುದಿಲ್ಲ, ಮೀನಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಹರಿವ ನೀರಿನಲ್ಲಿ ಬೆಂಡಿನಿಂದ ಗಾಳದವರೆಗಿನ ದಾರವನ್ನು ನೀರಿನ ಆಳದ ಒಂದೂವರೆ ಪಟ್ಟು ಇಡುವುದು ರೂಢಿ. ಮೂರು ಅಡಿ ನೀರಿಗೆ ನಾಲ್ಕೂವರೆ ಅಡಿ. ದಾರ ನೇರ ಇಳಿಯದೆ ಓರೆಯಾಗಿ ಇಳಿಯುವುದರಿಂದ ಅಷ್ಟು ಬೇಕು. ಬೆಂಡು ನೊರೆಯ ವೇಗಕ್ಕಿಂತ ಕೊಂಚ ನಿಧಾನವಾಗಿ ಹೋಗುತ್ತಿದ್ದರೆ ಹುಳು ತಳದಲ್ಲಿದೆ ಎಂದು ತಿಳಿಯಬೇಕು.

ಫ್ಲೈ ಫಿಶಿಂಗಿನವರ ಇಂಡಿಕೇಟರು ಕೆಲಸ ಮಾಡುವುದು ಇಂಥ ನೀರಿನಲ್ಲೇ. ಅವರ ಪದ್ಧತಿಯ ಮರ್ಮ ಒಂದೇ. ನಮ್ಮ ಗಾಳದಲ್ಲಿ ತುದಿಯ ಭಾರ ದಾರವನ್ನು ದೂರಕ್ಕೆ ಒಯ್ಯುತ್ತದೆ. ಅವರಲ್ಲಿ ಹುಳು ಗರಿ ಕೂದಲಿನದು, ಅದಕ್ಕೆ ತೂಕವೇ ಇಲ್ಲ, ದಪ್ಪ ದಾರದ ತೂಕವೇ ಹುಳುವನ್ನು ಒಯ್ಯಬೇಕು. ಆ ದಾರದ ನಡುವೆ ಗೋಲಿಯಂಥ ಬೆಂಡು ಕಟ್ಟಿದರೆ ಬೀಸುವಾಗ ಗಾಳಿಗೆ ತೊನೆದು ಎಲ್ಲ ಸಿಕ್ಕುಸಿಕ್ಕು. ಅದಕ್ಕೇ ಅವರಿಗೆ ಉಲ್ಲನ್ ಕುಚ್ಚು ಇಷ್ಟ. ಅದನ್ನು ಮಾಡುವುದು ಸುಲಭ. ಹಳೆಯ ಸ್ವೆಟರಿನ ಎರಡು ಅಂಗುಲ ಉಣ್ಣೆ ಎಳೆ ತೆಗೆದುಕೊಂಡು, ದಾರದಲ್ಲಿ ಒಂದು ಜಾರುಗಣ್ಣಿ ಹಾಕಿ, ನಡುವೆ ಉಣ್ಣೆ ಇಟ್ಟು ಬಿಗಿ ಎಳೆಯಬೇಕು. ಎರಡೂ ತುದಿಯನ್ನು ಬಾಚಣಿಗೆಯಿಂದ ಬಾಚಿ ಅರಳಿಸಿ ಅರ್ಧ ಅಂಗುಲಕ್ಕೆ ಕತ್ತರಿಸಿ, ಬೆರಳಿಗೆ ಚೂರೇ ಚೂರು ವ್ಯಾಸಲೀನ್ ಸವರಿಕೊಂಡು ಉಜ್ಜಿದರೆ ನೀರು ಹಿಡಿಯದೆ ತೇಲುತ್ತದೆ. ಸದ್ದಿಲ್ಲದೆ ಹತ್ತಿಯಂತೆ ನೀರ ಮೇಲೆ ಬೀಳುವ ಇದರ ಮುಂದೆ ಚಪ್ಪಲಿ ಬೆಂಡು ಕಲ್ಲು ಬಿದ್ದಂತೆ. ತಿಳಿನೀರಿನ, ಮೊಣಕಾಲು ಆಳದ ಹಳ್ಳದಲ್ಲಿ ಪಕ್ಕೆ ಮೀನಿಗೆ ಇದನ್ನು ಕಟ್ಟಿ ನೋಡಿದ್ದೇನೆ, ನಮ್ಮ ಬಿದಿರು ಕಡ್ಡಿಗೇ. ಫ್ಲೈ ರಾಡ್ ಬೇಕೆಂದೇನಿಲ್ಲ.

ಖಾಲಿ ಬಾಲ್‌ಪೆನ್ ರೀಫಿಲ್ ಇನ್ನೊಂದು ಒಳ್ಳೆಯ ವಸ್ತು. ಮುಳ್ಳು ತೆಗೆದು, ಎರಡೂ ತುದಿಯನ್ನು ದೀಪಕ್ಕೆ ಹಿಡಿದು ಒತ್ತಿ ಮುಚ್ಚಿದರೆ ಗಾಳಿ ಒಳಗೇ ಉಳಿಯುತ್ತದೆ. ಸೈಕಲ್ ವಾಲ್‌ಟ್ಯೂಬಿನ ಎರಡು ಚಿಕ್ಕ ಉಂಗುರದಲ್ಲಿ ದಾರಕ್ಕೆ ಕೂರಿಸಬಹುದು. ಅದು ಎತ್ತಬಲ್ಲ ಭಾರ ಕಡಿಮೆ, ಗಾಳ ಮತ್ತು ಹುಳುವಿನ ಜೊತೆ ಅಕ್ಕಿಕಾಳಷ್ಟು ಭಾರ ಸಾಕು. ಗಾಳಿ ಇಲ್ಲದ ಬೆಳಗ್ಗೆ ಅದರಷ್ಟು ಸೂಕ್ಷ್ಮವಾದ ಬೆಂಡು ನಾನು ಬೇರೆ ಕಂಡಿಲ್ಲ. ಕೋಳಿ, ಬಾತುಕೋಳಿಯ ರೆಕ್ಕೆಗರಿಯ ದಂಟೂ ಇದೇ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಅಲ್ಲ ಎಂಬ ಪುಣ್ಯ ಬೇರೆ.

ಥರ್ಮೋಕೋಲಿನ ಬಗ್ಗೆ ನನ್ನ ತೀರ್ಮಾನ ಸ್ಪಷ್ಟ: ಬೇಡ. ಸುಲಭಕ್ಕೆ ಸಿಗುತ್ತದೆ, ತೇಲುವುದರಲ್ಲಿ ಅದನ್ನು ಮೀರಿಸುವುದಿಲ್ಲ ಯಾವುದೂ. ಆದರೆ ದಾರ ಕಡಿದುಹೋದ ದಿನ ಅದು ಕೆರೆಯಲ್ಲೇ ಉಳಿದು, ಬಿಸಿಲಿಗೆ ಪುಡಿಪುಡಿಯಾಗಿ, ಕಾಳು ಕಾಳಾಗಿ ಜೊಂಡಿನ ಬುಡ ಸೇರುತ್ತದೆ. ಮೀನೂ ಹಕ್ಕಿಯೂ ಅದನ್ನು ಮೇವೆಂದು ನುಂಗುತ್ತವೆ. ಜೋಳದ ದಂಟಿನ ಬೆಂಡು ಕಳೆದುಹೋದರೆ ಕೊಳೆತು ಕೆರೆಗೇ ಗೊಬ್ಬರ. ಒಂದು ಹೊಲದ ಮೂಲೆಯಲ್ಲಿ ಊರಿನ ಹುಡುಗರಿಗೆಲ್ಲ ಸಾಕಾಗುವಷ್ಟು ಬೆಂಡು ನಿಂತಿರುವಾಗ ಥರ್ಮೋಕೋಲು ಯಾಕೆ?

ನೈಲಾನ್ ದಾರದ ಹಾನಿ ಇನ್ನೂ ಹೆಚ್ಚಿನದು. ಕೆರೆ ಕೋಡಿಯ ಬಳಿ ಕಾಲಿಗೆ ದಾರ ಸುತ್ತಿಕೊಂಡು ಹಾರಲಾರದೆ ಒದ್ದಾಡುತ್ತಿದ್ದ ಬೆಳ್ಳಕ್ಕಿಯೊಂದನ್ನು ಒಮ್ಮೆ ನಾನೂ ಜೊತೆಗಿದ್ದವರೊಬ್ಬರೂ ಹಿಡಿದು ಬಿಡಿಸಿದೆವು. ಒಬ್ಬರು ರೆಕ್ಕೆ ಒತ್ತಿ ಹಿಡಿದರೆ ಇನ್ನೊಬ್ಬರು ಬ್ಲೇಡಿನಲ್ಲಿ ಎಳೆ ಎಳೆಯಾಗಿ ಕತ್ತರಿಸಬೇಕಾಯಿತು. ದಾರ ಚರ್ಮ ಕೊಯ್ದು ಮೂಳೆಯವರೆಗೆ ಇಳಿದಿತ್ತು. ಆ ದಾರದ ತುದಿಯಲ್ಲಿ ಚಪ್ಪಲಿ ರಬ್ಬರಿನ ನೀಲಿ ಬೆಂಡು ಇನ್ನೂ ಹಾಗೇ ಇತ್ತು. ಯಾರ ಬೆಂಡೋ, ನನ್ನದೇ ಇದ್ದರೂ ಇರಬಹುದು. ಅಂದಿನಿಂದ ನನ್ನ ಚೀಲದಲ್ಲಿ ಹರಿದ ದಾರ ಸುತ್ತಿಡಲು ಒಂದು ಬೆಂಕಿಪೊಟ್ಟಣ ಇರುತ್ತದೆ.

ಎಲ್ಲ ನೀರೂ ಗಾಳಕ್ಕಲ್ಲ ಎಂಬುದನ್ನು ನಮ್ಮ ತಾಲ್ಲೂಕಿನವರಿಗೆ ಬೇರೆಯವರು ಹೇಳಬೇಕಿಲ್ಲ. ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. ಭಕ್ತರು ಹಾಕುವ ಪುರಿಗೆ ಅವು ಗುಂಪುಗಟ್ಟಿ ಮೇಲೆ ಬರುತ್ತವೆ. ಅಲ್ಲಿ ಗಾಳ ಹಾಕುವುದು ಅಪರಾಧವೂ ಹೌದು, ಮನಸ್ಸಿಗೆ ಒಗ್ಗದ ಮಾತೂ ಹೌದು. ಕಾವೇರಿಯ ಡುಬ್ಬದ ಮಹಶೀರ್ ಒಂದು ಕಾಲದಲ್ಲಿ ಆಳೆತ್ತರ ಬೆಳೆಯುತ್ತಿತ್ತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಎಂದರೆ 54 ಕಿಲೋಗೂ ಹೆಚ್ಚು. ಅಂಥ ಮೀನಿಗೆ ಮೇವಾಗಿ ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಾವು ದಿನಾ ಉಣ್ಣುವ ರಾಗಿಯ ಹಿಟ್ಟನ್ನೇ ಬೇಯಿಸಿದ ಉಂಡೆ. 2018ರಲ್ಲಿ ವಿಜ್ಞಾನಿಗಳು ಈ ಮೀನಿಗೆ ಟಾರ್ ರೆಮಾದೇವಿ ಎಂಬ ಹೆಸರನ್ನು ಖಚಿತಪಡಿಸಿದರು. ಅದೇ ವರ್ಷ ಅದು ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಕೊಡಗಿನ ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಪರವಾನಗಿ ಕೊಟ್ಟು, ಹಿಡಿದ ಮಹಶೀರನ್ನು ಜೀವಂತ ನೀರಿಗೇ ಬಿಡಿಸುವ ಪದ್ಧತಿಯನ್ನು ಬೆಳೆಸಿದರು. ನಮ್ಮ ಕಡೆಯೂ ನದಿಯಲ್ಲಿ ಮಹಶೀರ್ ಮರಿ ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ಬಿಟ್ಟುಬಿಡಿ. ಒಣಗಿದ ಕೈ ತಗುಲಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ಅದಕ್ಕೆ ರೋಗ ಹತ್ತುತ್ತದೆ.

ಕೆರೆಯಲ್ಲೂ ಒಂದು ಮಾತು ಕೇಳಿಕೊಂಡು ಗಾಳ ಹಾಕಿ. ಬಹಳಷ್ಟು ಕೆರೆಗಳ ಮೀನನ್ನು ಮೀನುಗಾರರ ಸಹಕಾರ ಸಂಘಗಳೋ ಗುತ್ತಿಗೆದಾರರೋ ಮರಿ ಬಿಟ್ಟು ಸಾಕಿರುತ್ತಾರೆ. ಅದು ಅವರ ಹೊಟ್ಟೆಪಾಡು. ಒಂದು ಕಡ್ಡಿ, ಒಂದು ಗಾಳ, ಮಧ್ಯಾಹ್ನದ ಸಾರಿಗೆ ನಾಲ್ಕು ಜಿಲೇಬಿ ಎಂದರೆ ಬೇಡ ಎನ್ನುವವರು ಕಡಿಮೆ, ಕೇಳದೆ ಹಾಕಿದರೆ ಜಗಳ. ಮುಂಗಾರಿನ ಹೊಸ ನೀರು ಬಂದು ಗೆಂಡೆಗಳು ಮೊಟ್ಟೆಯಿಡಲು ಕೋಡಿಯ ಕಡೆ ಹತ್ತುವ ಆ ಒಂದೆರಡು ವಾರ ಗಾಳವನ್ನು ಅಟ್ಟಕ್ಕೆ ಹಾಕಿ. ಆ ದಿನಗಳಲ್ಲಿ ಮನೆಯಲ್ಲಿ ಕೂತು ಬೆಂಡು ಮಾಡಬಹುದು.

ಮಕ್ಕಳಿಗೆ ಕಲಿಸುವವರಿದ್ದರೆ ಗಾಳದಿಂದ ಶುರು ಮಾಡಬೇಡಿ, ಬೆಂಡಿನಿಂದ ಶುರು ಮಾಡಿ. ಒಂದು ಒಣ ಜೋಳದ ದಂಟು, ಒಂದು ಬ್ಲೇಡು, ಮೇಣದಬತ್ತಿ, ನಟ್ಟು, ಬಕೆಟ್ ನೀರು ಕೊಟ್ಟು, ತುದಿ ಮಾತ್ರ ಕಾಣುವಂತೆ ನಿಲ್ಲಿಸಿ ತೋರಿಸು ಎನ್ನಿ. ಬ್ಲೇಡು ಹಿಡಿದಾಗ ಪಕ್ಕದಲ್ಲೇ ಕೂತಿರಿ. ಹತ್ತು ಬೆಂಡು ಹಾಳು ಮಾಡಿದರೂ ದಂಟು ಹೊಲದಲ್ಲಿ ಬೇಕಾದಷ್ಟಿದೆ.